ಸಂಧಿವಾತ, ಋತುಬಂಧ ಮತ್ತು ಹಾರ್ಮೋನು ಚಿಕಿತ್ಸೆ: ಒಂದು ಐತಿಹಾಸಿಕ ವಿವೇಚನೆ

೧. ಪ್ರಸ್ತಾವನೆ

೧೯೪೮ನೆಯ ಇಸವಿಯ ಸೆಪ್ಟೆಂಬರ್ ತಿಂಗಳು ನಮ್ಮ ಸೀಮೆಯ ಇತಿಹಾಸದಲ್ಲಿ ಚಿರಸ್ಮರಣೀಯವಾದುದು. ಆ ತಿಂಗಳ ೧೭ನೆಯ ತಾರೀಖಿನಂದು ಹೈದರಾಬಾದಿನ ನಿಜಾಮರು ಕದನವಿರಾಮವನ್ನು ಸಾರಿದರು. ಗುಲ್ಬರ್ಗ ಜಿಲ್ಲೆಯೂ ಅದರೊಳಗಿನ ಜೇವರ್ಗಿಯೂ ಭಾರತದ ಒಕ್ಕೂಟದಲ್ಲಿ ಸೇರುವುದಕ್ಕೆ ಹಾದಿಯಾಯಿತು. ಅದಾದ ನಾಲ್ಕೇ ದಿನಗಳಲ್ಲಿ, ೨೧ನೆಯ ತಾರೀಖಿನಂದು, ಅಮೆರಿಕದ ರಾಚೆಸ್ಟರ್ ನಗರದಲ್ಲಿ ಮೇಯೋ ಕ್ಲಿನಿಕ್ಕಿನ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ೨೯ ವರ್ಷದ ಸ್ತ್ರೀಯೊಬ್ಬಳಿಗೆ ಒಂದು ಹೊಸ ಹಾರ್ಮೋನನ್ನು ಸೂಜಿಯ ಮೂಲಕ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಮೊದಲನೆಯದನ್ನು ನಾವು ವರ್ಷಕ್ಕೊಮ್ಮೆ ಧ್ವಜವೇರಿಸಿ ನೆನೆಯುತ್ತೇವೆ. ಎರಡನೆಯದರ ಫಲವಾದರೋ ಮಾತ್ರೆಯ ರೂಪದಲ್ಲಿ ನಮ್ಮ ಊರುಗಳ ಔಷಧದ ಅಂಗಡಿಗಳನ್ನು ಮುಟ್ಟಿದ್ದರೂ ಅದರ ಚರಿತ್ರೆಯನ್ನು ಅರಿತವರು ವಿರಳ.

ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲು ಎತ್ತಿಕೊಂಡ ಪ್ರಶ್ನೆ ಇಷ್ಟೇ: ಸಂಧಿವಾತದಿಂದ ಬಳಲುತ್ತಿರುವ ಸ್ತ್ರೀಗೆ ಋತುಬಂಧದ ಬಾಧೆಯೂ ಕೂಡಿಬಂದಾಗ, ಆ ಬಾಧೆಯ ಶಮನಕ್ಕಾಗಿ ಹಾರ್ಮೋನು ಚಿಕಿತ್ಸೆಯನ್ನು ಕೈಕೊಳ್ಳಬಹುದೇ? ವೈದ್ಯರಲ್ಲದ ಇತಿಹಾಸದ ಅಧ್ಯಾಪಕರು ಈ ಪ್ರಶ್ನೆಗೆ ಕೈಹಾಕುವುದೇಕೆ ಎಂದು ವಾಚಕರು ಕೇಳಬಹುದು. ಕಳೆದ ಎಂಟು ದಶಕಗಳಲ್ಲಿ ಈ ಪ್ರಶ್ನೆಯ ಉತ್ತರ ಹಲವು ಬಾರಿ ಬದಲಾಗಿದೆ. ಹಳೆಯ ಉತ್ತರಗಳು ಅಳಿಯದೆ ಹೊಸವುಗಳ ಜೊತೆಯಲ್ಲಿಯೇ ಜನರ ನಂಬಿಕೆಯಲ್ಲಿ ಉಳಿದುಕೊಂಡಿವೆ. ಒಬ್ಬರು ಹಾರ್ಮೋನು ಅಮೃತವೆನ್ನುತ್ತಾರೆ, ಇನ್ನೊಬ್ಬರು ವಿಷವೆನ್ನುತ್ತಾರೆ. ಯಾವ ಮಾತು ಯಾವ ಕಾಲದ್ದು, ಯಾರನ್ನು ಕುರಿತು ಹೇಳಿದುದು ಎಂಬುದನ್ನು ಬಿಡಿಸಿ ತೋರಿಸುವುದು ಇತಿಹಾಸದ ಕೆಲಸವೇ ಸರಿ.

೨. ಎರಡು ಬಾಧೆಗಳ ಸ್ವರೂಪ

ಮೊದಲು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ನಮ್ಮ ಕಡೆಯಲ್ಲಿ ಕೀಲುಗಳ ಬೇನೆಗೆಲ್ಲ 'ವಾಯು' ಅಥವಾ 'ವಾತ' ಎಂಬ ಒಂದೇ ಹೆಸರುಂಟು. ವೈದ್ಯಶಾಸ್ತ್ರ ಇದರಲ್ಲಿ ಹಲವು ಬಗೆಗಳನ್ನು ಬೇರ್ಪಡಿಸುತ್ತದೆ. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆಯುವುದು ಒಂದು ಬಗೆ. ಸೋಂಕಿನ ಅನಂತರ ಉಳಿಯುವ ನೋವು ಮತ್ತೊಂದು ಬಗೆ. ೨೦೦೬ರಲ್ಲಿ ಕರ್ನಾಟಕದಲ್ಲೆಲ್ಲ ಹಬ್ಬಿ, ಗುಲ್ಬರ್ಗ ಜಿಲ್ಲೆಯನ್ನೂ ಬಹುವಾಗಿ ಬಾಧಿಸಿದ ಚಿಕೂನ್‌ಗುನ್ಯಾ ಜ್ವರ ಇದಕ್ಕೆ ದೃಷ್ಟಾಂತ. ಇವೆರಡಕ್ಕಿಂತ ಭಿನ್ನವಾದುದು ರೂಮಟಾಯ್ಡ್ ಸಂಧಿವಾತ. ಇಂಗ್ಲಿಷ್ ವೈದ್ಯ ಆಲ್ಫ್ರೆಡ್ ಗ್ಯಾರಡ್ ೧೮೫೯ರಲ್ಲಿ ಅದಕ್ಕೆ ಈ ಹೆಸರನ್ನಿತ್ತರು. ನಮ್ಮ ಆಯುರ್ವೇದದಲ್ಲಿ ಮಾಧವಕರನ ನಿದಾನಗ್ರಂಥ 'ಆಮವಾತ'ವೆಂಬ ರೋಗಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅದರ ಲಕ್ಷಣಗಳು ಈ ರೋಗವನ್ನು ಬಹುಮಟ್ಟಿಗೆ ಹೋಲುತ್ತವೆ.

ಈ ರೋಗದಲ್ಲಿ ಶರೀರವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಬೆರಳುಗಳ ಬುಡ, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎರಡೂ ಪಕ್ಕಗಳಲ್ಲಿ ಒಟ್ಟಿಗೆ ಬಾತುಕೊಳ್ಳುತ್ತವೆ. ಬೆಳಗಿನ ಜಾವದಲ್ಲಿ ಕೈಗಳು ಮರಗಟ್ಟಿದಂತಾಗಿ, ಅವು ಸಡಿಲಗೊಳ್ಳಲು ಒಂದು ಗಂಟೆಗೂ ಮೀರಿದ ಹೊತ್ತು ಬೇಕಾಗುವುದುಂಟು. ಜೋಳದ ರೊಟ್ಟಿಯನ್ನು ಕೈಯಿಂದ ತಟ್ಟಿ ಬೇಯಿಸುವ ನಮ್ಮ ನಾಡಿನಲ್ಲಿ ಇದರ ಮೊದಲ ಸೂಚನೆ ಅಡಿಗೆಮನೆಯಲ್ಲಿಯೇ ದೊರೆಯುತ್ತದೆ: ನಿನ್ನೆಯವರೆಗೆ ರೊಟ್ಟಿ ತಟ್ಟುತ್ತಿದ್ದ ಕೈಗೆ ಇಂದು ಹಿಟ್ಟು ನಾದುವುದೂ ಆಗದು. ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಎರಡು ಮೂರು ಪಟ್ಟು ಅಧಿಕ.

ಋತುಬಂಧವಾದರೋ ರೋಗವಲ್ಲ, ಅದು ವಯೋಧರ್ಮ. ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಸ್ರವಿಸುವುದು ಕುಂದಿ, ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ ೫೧ನೆಯ ವಯಸ್ಸಿನಲ್ಲಿ ಆಗುವುದಾದರೆ, ಭಾರತದಲ್ಲಿ ೪೬-೪೭ರ ಸುಮಾರಿಗೇ ಆಗುತ್ತದೆ. ಮೈಯೊಳಗಿಂದ ಝಳ ಹೊಡೆದಂತಾಗಿ ಬೆವರುವುದು, ನಿದ್ರೆ ಕೆಡುವುದು, ಮನಸ್ಸಿನ ಕಳವಳ, ಗುಹ್ಯಭಾಗದ ಶುಷ್ಕತೆ, ಮೂಳೆಗಳ ಬಲಕ್ಷಯ—ಇವು ಅದರ ಪರಿಣಾಮಗಳು. ಇವುಗಳಲ್ಲಿ ಕೀಲುನೋವೂ ಒಂದಾಗಿರುವುದರಿಂದಲೇ ತೊಡಕು ಹುಟ್ಟುತ್ತದೆ. ಸಂಧಿವಾತವೂ ಅನೇಕರಲ್ಲಿ ಇದೇ ವಯಸ್ಸಿನ ಆಸುಪಾಸಿನಲ್ಲಿ ತಲೆದೋರುತ್ತದೆ. ಆದಕಾರಣ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸುಲಭ. ಕೀಲು ಬಾತಿದೆಯೇ, ಬೆಳಗಿನ ಬಿಗಿತ ದೀರ್ಘವೇ ಎಂಬುದನ್ನು ನೋಡಿ, ರಕ್ತಪರೀಕ್ಷೆಯ ನೆರವಿನಿಂದ ವೈದ್ಯರು ಇವೆರಡನ್ನು ಬೇರ್ಪಡಿಸುತ್ತಾರೆ. 'ವಯಸ್ಸಾಯಿತು, ಮುಟ್ಟು ನಿಂತಿತು, ನೋವು ಸಹಜ' ಎಂದು ಕುಳಿತರೆ ಸಂಧಿವಾತವು ಕೀಲನ್ನು ಶಾಶ್ವತವಾಗಿ ವಿರೂಪಗೊಳಿಸಬಹುದು.

೩. ಕಾರ್ಟಿಸೋನಿನ ಚರಿತ್ರೆ

'ಹಾರ್ಮೋನು' ಎಂಬ ಶಬ್ದವನ್ನು ೧೯೦೫ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದರು. ಸಂಧಿವಾತಕ್ಕೂ ಹಾರ್ಮೋನಿಗೂ ಇರುವ ನಂಟಿನ ಮೊದಲ ಸುಳಿವು ದೊರೆತುದು ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಅವರಿಗೆ. ೧೯೨೯ರಲ್ಲಿ ಕಾಮಾಲೆಗೊಳಗಾದ ಸಂಧಿವಾತದ ರೋಗಿಯೊಬ್ಬನ ಕೀಲುನೋವು ತಾನಾಗಿ ಇಳಿದುದನ್ನು ಅವರು ಕಂಡರು. ತರುವಾಯ ಗರ್ಭಿಣಿಯರಲ್ಲಿಯೂ ನೋವು ಶಮನವಾಗಿ, ಹೆರಿಗೆಯ ಅನಂತರ ಮರುಕಳಿಸುವುದನ್ನು ಗುರುತಿಸಿದರು. ಶರೀರದಲ್ಲಿಯೇ ಹುಟ್ಟುವ ಯಾವುದೋ ಒಂದು ದ್ರವ್ಯ ಇದಕ್ಕೆ ಕಾರಣವಾಗಿರಬೇಕು. ಆದರೆ ಕಾಮಾಲೆ ಗಂಡಸರಿಗೂ ಆಗುವುದರಿಂದ ಅದು ಕೇವಲ ಸ್ತ್ರೀಹಾರ್ಮೋನು ಆಗಿರಲಾರದು ಎಂದು ಅವರು ತರ್ಕಿಸಿದರು. ಈ ತರ್ಕ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಇಂದು ಜನಸಾಮಾನ್ಯರು 'ಹಾರ್ಮೋನು ಮಾತ್ರೆ' ಎಂದು ಒಂದೇ ಹೆಸರಿನಿಂದ ಕರೆಯುವ ಎರಡು ಬಗೆಯ ಔಷಧಗಳನ್ನು ಮೊದಲ ಹೆಜ್ಜೆಯಲ್ಲಿಯೇ ಅದು ಬೇರ್ಪಡಿಸಿತು.

ಅದೇ ಸಂಸ್ಥೆಯ ಎಡ್ವರ್ಡ್ ಕೆಂಡಲ್ ಅವರು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಹಲವು ದ್ರವ್ಯಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದೇ ಮುಂದೆ ಕಾರ್ಟಿಸೋನ್ ಎಂಬ ಹೆಸರನ್ನು ಪಡೆಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ಪ್ರಯೋಗವಾದುದು ಅದೇ. ೧೯೫೦ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಆದರೆ ಪವಾಡದ ಬೆಲೆ ಶೀಘ್ರವೇ ತಿಳಿಯಿತು. ದೀರ್ಘಕಾಲ ಸೇವಿಸಿದವರ ಮುಖ ಊದಿಕೊಂಡಿತು, ಮೂಳೆಗಳು ಟೊಳ್ಳಾದವು, ರಕ್ತದಲ್ಲಿ ಸಕ್ಕರೆ ಏರಿತು, ಸೋಂಕುಗಳು ಹೆಚ್ಚಿದವು. ನಿಲ್ಲಿಸಿದೊಡನೆ ರೋಗ ಮತ್ತೆ ಉಲ್ಬಣಿಸಿತು. ಆದುದರಿಂದ ಇಂದು ಈ ಜಾತಿಯ ಸ್ಟಿರಾಯ್ಡ್ ಔಷಧಗಳನ್ನು ಸಾಧ್ಯವಾದಷ್ಟು ಅಲ್ಪ ಪ್ರಮಾಣದಲ್ಲಿ, ಅಲ್ಪ ಕಾಲಕ್ಕೆ ಮಾತ್ರ ಕೊಡುವುದು ಕ್ರಮ.

ರೋಗದ ಮೂಲಚಿಕಿತ್ಸೆಯ ಸ್ಥಾನ ಇಂದು ಮೆಥೊಟ್ರೆಕ್ಸೇಟಿಗೆ ಸಂದಿದೆ. ಅದರ ಹುಟ್ಟಿನಲ್ಲಿ ಭಾರತೀಯರೊಬ್ಬರ ಕೈಯಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಭೀಮಾವರದಲ್ಲಿ ೧೮೯೫ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ನಡೆಸಿದ ಸಂಶೋಧನೆಯಿಂದ ಈ ವರ್ಗದ ಔಷಧಗಳು ಮೂಡಿಬಂದವು. ೧೯೪೮ರ ಆಗಸ್ಟ್ ತಿಂಗಳಲ್ಲಿಯೇ ಅವರು ತೀರಿಕೊಂಡರು. ಮೆಥೊಟ್ರೆಕ್ಸೇಟನ್ನು ಸಂಧಿವಾತಕ್ಕೆ ಬಳಸಲು ಅಮೆರಿಕದಲ್ಲಿ ವಿಧಿವತ್ತಾದ ಅನುಮತಿ ದೊರೆತುದು ೧೯೮೮ರಲ್ಲಿ, ನಲವತ್ತು ವರ್ಷಗಳ ತರುವಾಯ. ಈ ಮಾತ್ರೆಯನ್ನು ಸಂಧಿವಾತದಲ್ಲಿ ವಾರಕ್ಕೊಂದು ದಿನ ಮಾತ್ರ ಸೇವಿಸತಕ್ಕದ್ದು. ತಿಳಿಯದೆ ಪ್ರತಿದಿನ ಸೇವಿಸಿದರೆ ಪ್ರಾಣಾಪಾಯವಾದೀತು ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು.

೪. ಈಸ್ಟ್ರೊಜೆನ್ನಿನ ಚರಿತ್ರೆ

ಸ್ತ್ರೀಹಾರ್ಮೋನಿನ ಚರಿತ್ರೆಯೂ ಇದೇ ಜಾಡಿನಲ್ಲಿ ಸಾಗಿದುದು ಗಮನಾರ್ಹ. ೧೯೨೯ರಲ್ಲಿ ಅಮೆರಿಕದ ಡಾಯ್ಸಿ ಮತ್ತು ಜರ್ಮನಿಯ ಬೂಟನಾಂಟ್ ಇಬ್ಬರೂ ಪ್ರತ್ಯೇಕವಾಗಿ ಈ ವರ್ಗದ ಹಾರ್ಮೋನೊಂದನ್ನು ಶುದ್ಧರೂಪದಲ್ಲಿ ಪಡೆದರು. ೧೯೪೨ರಲ್ಲಿ ಗಬ್ಬದ ಕುದುರೆಗಳ ಮೂತ್ರದಿಂದ ತಯಾರಿಸಿದ ಈಸ್ಟ್ರೊಜೆನ್ ಮಾತ್ರೆ ಅಮೆರಿಕದ ಪೇಟೆಗೆ ಬಂದಿತು. ೧೯೬೬ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರು ಪುಸ್ತಕವೊಂದನ್ನು ಬರೆದು, ಋತುಬಂಧವು ಕೊರತೆಯ ರೋಗವೆಂದೂ ಈಸ್ಟ್ರೊಜೆನ್ನಿನಿಂದ ಸ್ತ್ರೀಯ ತಾರುಣ್ಯವನ್ನು ಉಳಿಸಿಕೊಳ್ಳಬಹುದೆಂದೂ ಸಾರಿದರು. ಮಾರಾಟ ಬೆಳೆಯಿತು. ೧೯೭೫ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಈಸ್ಟ್ರೊಜೆನ್ ಒಂದನ್ನೇ ಸೇವಿಸಿದ ಸ್ತ್ರೀಯರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹೆಚ್ಚುವುದೆಂದು ತೋರಿಸಿದವು. ಅಂದಿನಿಂದ, ಗರ್ಭಕೋಶವುಳ್ಳ ಸ್ತ್ರೀಯರಿಗೆ ಪ್ರೊಜೆಸ್ಟರೋನ್ ವರ್ಗದ ಔಷಧವನ್ನೂ ಜೊತೆಗೂಡಿಸಿ ಕೊಡುವ ನಿಯಮ ನೆಲೆಗೊಂಡಿತು.

ಎರಡನೆಯ ಪೆಟ್ಟು ೨೦೦೨ರ ಜುಲೈಯಲ್ಲಿ ಬಿದ್ದಿತು. ಅಮೆರಿಕದಲ್ಲಿ ೫೦ರಿಂದ ೭೯ ವರ್ಷದ ೧೬,೬೦೮ ಸ್ತ್ರೀಯರ ಮೇಲೆ ನಡೆದಿದ್ದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಎರಡೂ ಹಾರ್ಮೋನುಗಳನ್ನು ಸೇವಿಸಿದವರಲ್ಲಿ, ಹತ್ತು ಸಾವಿರ ಮಂದಿಗೆ ವರ್ಷಕ್ಕೆ ಎಂಟು ಸ್ತನಕ್ಯಾನ್ಸರ್, ಎಂಟು ಪಾರ್ಶ್ವವಾಯು, ಏಳು ಹೃದ್ರೋಗದ ಪ್ರಸಂಗಗಳು ಅಧಿಕವಾಗಿದ್ದವು. ಸೊಂಟದ ಮೂಳೆಮುರಿತಗಳು ಐದು ಕಡಿಮೆಯಾಗಿದ್ದವು. ಪತ್ರಿಕೆಗಳಲ್ಲಿ ಅಪಾಯದ ಸುದ್ದಿ ಉಳಿಯಿತು, ಲೆಕ್ಕ ಉಳಿಯಲಿಲ್ಲ. ಭೀತರಾದ ವೈದ್ಯರೂ ಸ್ತ್ರೀಯರೂ ಚಿಕಿತ್ಸೆಯನ್ನೇ ಕೈಬಿಟ್ಟರು. ಪರೀಕ್ಷೆಗೊಳಪಟ್ಟವರ ಸರಾಸರಿ ವಯಸ್ಸು ೬೩ ಎಂಬುದನ್ನು, ಅಂದರೆ ಅವರಲ್ಲಿ ಬಹುಮಂದಿಗೆ ಮುಟ್ಟು ನಿಂತು ಹತ್ತು ವರ್ಷಗಳಾದರೂ ಕಳೆದಿದ್ದವು ಎಂಬುದನ್ನು, ಆಗ್ಗೆ ಗಮನಿಸಿದವರು ಸ್ವಲ್ಪ ಜನ. ವಯಸ್ಸಿನ ಪ್ರಕಾರ ವಿಂಗಡಿಸಿ ನೋಡಿದ ಅನಂತರದ ವಿಶ್ಲೇಷಣೆಗಳಿಂದ ಈಗ ನೆಲೆಗೊಂಡಿರುವ ಅಭಿಪ್ರಾಯ ಹೀಗಿದೆ: ೬೦ ವರ್ಷದೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದ, ಬೇರೆ ಅಡ್ಡಿಗಳಿಲ್ಲದ ಸ್ತ್ರೀಯರಲ್ಲಿ ತೀವ್ರ ಬಾಧೆಗಾಗಿ ಕೊಡುವ ಹಾರ್ಮೋನಿನ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಮಿಗಿಲು.

ಇವೆರಡು ಚರಿತ್ರೆಗಳು ಒಂದೆಡೆ ಕೂಡಿಕೊಂಡುದೂ ಉಂಟು. ೧೯೪೦ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಶಾಸ್ತ್ರಜ್ಞರು ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರೋನನ್ನು ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. ೧೯೫೨ರಲ್ಲಿ ಅಪ್‌ಜಾನ್ ಕಂಪೆನಿಯ ವಿಜ್ಞಾನಿಗಳು ಒಂದು ಬಗೆಯ ಬೂಷ್ಟಿನ ಸಹಾಯದಿಂದ ಆ ಪ್ರೊಜೆಸ್ಟರೋನನ್ನೇ ಕಾರ್ಟಿಸೋನಿನತ್ತ ಮಾರ್ಪಡಿಸುವ ಸುಲಭೋಪಾಯವನ್ನು ಪ್ರಕಟಿಸಿದರು. ಕಾರ್ಟಿಸೋನ್ ವರ್ಗದ ಔಷಧ ಅಗ್ಗವಾಗಿ ಲೋಕದ ಮೂಲೆಮೂಲೆಗೆ ಹರಡುವುದಕ್ಕೆ ಇದು ದಾರಿಯಾಯಿತು. ಒಂದೇ ಗೆಣಸಿನಿಂದ ಹುಟ್ಟಿದವಾದರೂ ಈ ಹಾರ್ಮೋನುಗಳ ಗುಣ ಬೇರೆ, ಉದ್ದೇಶ ಬೇರೆ.

೫. ಇಂದಿನ ನಿಲುವು

ಇನ್ನು ಮೂಲಪ್ರಶ್ನೆಗೆ ಬರೋಣ. ಗರ್ಭಾವಸ್ಥೆಯಲ್ಲಿ ಸಂಧಿವಾತ ಶಮನವಾಗುವುದರಿಂದ, ಸ್ತ್ರೀಹಾರ್ಮೋನನ್ನು ಕೊಟ್ಟರೆ ರೋಗವೇ ಗುಣವಾಗಬಹುದೆಂಬ ಆಸೆ ಸಹಜ. ಆದರೆ ಮೇಲೆ ಹೇಳಿದ ಅಮೆರಿಕದ ಪರೀಕ್ಷೆಯ ಅಂಕಿಗಳನ್ನು ಆಧರಿಸಿ ೨೦೦೮ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹಾರ್ಮೋನು ಸೇವನೆಯಿಂದ ಸಂಧಿವಾತ ಹುಟ್ಟುವುದಾಗಲಿ ಅದರ ತೀವ್ರತೆಯಾಗಲಿ ಗಣನೀಯವಾಗಿ ಬದಲಾಗಲಿಲ್ಲ. ಸ್ವೀಡನ್ನಿನಲ್ಲಿ ಸಂಧಿವಾತವುಳ್ಳ ೮೮ ಸ್ತ್ರೀಯರ ಮೇಲೆ ಎರಡು ವರ್ಷ ನಡೆದು ೨೦೦೩ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆಯಲ್ಲಿ ಮೂಳೆಗಳ ಸಾಂದ್ರತೆ ಹೆಚ್ಚಿತು, ರೋಗದ ಚಟುವಟಿಕೆಯೂ ಸ್ವಲ್ಪ ತಗ್ಗಿತು. ಇವೆರಡನ್ನೂ ಕೂಡಿಸಿ ನೋಡಿದರೆ, ಹಾರ್ಮೋನು ಚಿಕಿತ್ಸೆ ಸಂಧಿವಾತಕ್ಕೆ ಮದ್ದೂ ಅಲ್ಲ, ಸಂಧಿವಾತವು ಹಾರ್ಮೋನು ಚಿಕಿತ್ಸೆಗೆ ತಾನಾಗಿ ತಡೆಯೂ ಅಲ್ಲ ಎಂಬುದು ಸಿದ್ಧಪಡುತ್ತದೆ. ಅಮೆರಿಕದ ಸಂಧಿರೋಗ ತಜ್ಞರ ಸಂಘ ೨೦೨೦ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಆದರೂ ಸಂಧಿವಾತವುಳ್ಳವರ ವಿಷಯದಲ್ಲಿ ವಿಶೇಷ ಎಚ್ಚರಿಕೆಗಳು ನಾಲ್ಕುಂಟು. ಮೊದಲನೆಯದು ಮೂಳೆಯ ವಿಷಯ. ಸಂಧಿವಾತ, ಸ್ಟಿರಾಯ್ಡ್, ಋತುಬಂಧ ಈ ಮೂರೂ ಪ್ರತ್ಯೇಕವಾಗಿ ಮೂಳೆಯನ್ನು ಸವೆಸತಕ್ಕವು. ಮೂರೂ ಒಬ್ಬಳಲ್ಲಿಯೇ ಕೂಡಿದಾಗ ಮೂಳೆಸಾಂದ್ರತೆಯ ಪರೀಕ್ಷೆ ಅತ್ಯವಶ್ಯಕ. ಈಸ್ಟ್ರೊಜೆನ್ ಇಲ್ಲಿ ಮೂಳೆಗೆ ನೆರವಾಗುತ್ತದೆ. ಎರಡನೆಯದು ರಕ್ತ ಹೆಪ್ಪುಗಟ್ಟುವ ಅಪಾಯ. ಸಂಧಿವಾತವೇ ಈ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ. ಬಾಯಿಯ ಮೂಲಕ ಸೇವಿಸುವ ಈಸ್ಟ್ರೊಜೆನ್ನೂ ಹೆಚ್ಚಿಸುತ್ತದೆ. ಟೋಫಾಸಿಟಿನಿಬ್ ವರ್ಗದ ಹೊಸ ಸಂಧಿವಾತದ ಮಾತ್ರೆಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ೨೦೨೧ರಲ್ಲಿ ಹೊರಬಿದ್ದಿದೆ. ಚರ್ಮಕ್ಕೆ ಹಚ್ಚುವ ಪಟ್ಟಿ ಅಥವಾ ಲೇಪದ ರೂಪದ ಈಸ್ಟ್ರೊಜೆನ್ನಿನಲ್ಲಿ ಈ ಅಪಾಯ ಕಡಿಮೆಯೆಂದು ತಿಳಿದುಬಂದಿದೆ. ಮೂರನೆಯದು ನಿಷೇಧಗಳು. ಸ್ತನಕ್ಯಾನ್ಸರ್, ಕಾರಣ ತಿಳಿಯದ ರಕ್ತಸ್ರಾವ, ಹಿಂದೆ ಪಾರ್ಶ್ವವಾಯು ಅಥವಾ ರಕ್ತ ಹೆಪ್ಪುಗಟ್ಟಿದ ಪ್ರಸಂಗ, ತೀವ್ರ ಯಕೃತ್ತಿನ ರೋಗ, ರಕ್ತದಲ್ಲಿ ಆಂಟಿಫಾಸ್ಫೊಲಿಪಿಡ್ ಎಂಬ ಪ್ರತಿಕಾಯಗಳು—ಇವುಗಳಲ್ಲಿ ಯಾವುದಿದ್ದರೂ ಈ ಚಿಕಿತ್ಸೆ ಸಾಮಾನ್ಯವಾಗಿ ಸಲ್ಲದು. ಅಂಥವರಿಗೆ ಹಾರ್ಮೋನು ಅಲ್ಲದ ಬೇರೆ ಔಷಧಗಳುಂಟು. ನಾಲ್ಕನೆಯದು, ಮೆಥೊಟ್ರೆಕ್ಸೇಟನ್ನಾಗಲಿ ಇತರ ಸಂಧಿವಾತದ ಔಷಧವನ್ನಾಗಲಿ ಹಾರ್ಮೋನು ತೆಗೆದುಕೊಳ್ಳುತ್ತಿದ್ದೇನೆಂಬ ಭರವಸೆಯಿಂದ ತಾನಾಗಿ ನಿಲ್ಲಿಸಕೂಡದು.

೬. ನಮ್ಮ ಸೀಮೆಯ ಪ್ರಸಂಗ

ಇಷ್ಟನ್ನು ಹೇಳಿದ ಮೇಲೆ, ಇದು ಜೇವರ್ಗಿಯಂಥ ತಾಲ್ಲೂಕಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸಬೇಕು. ಇಲ್ಲಿ ಎರಡು ಸಂಗತಿಗಳು ಪ್ರಶ್ನೆಯ ಸ್ವರೂಪವನ್ನೇ ಬದಲಿಸುತ್ತವೆ.

ಮೊದಲನೆಯದು ಅಕಾಲಿಕ ಋತುಬಂಧ. ಕಲಬುರಗಿ ಜಿಲ್ಲೆಯಲ್ಲಿ ಬಹುಸಂಖ್ಯೆಯ ಸ್ತ್ರೀಯರ, ಅದರಲ್ಲಿಯೂ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಸ್ತ್ರೀಯರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದುಹಾಕಲಾಗಿದೆಯೆಂಬ ದೂರು ೨೦೧೫ರಲ್ಲಿ ಸರ್ಕಾರದ ವಿಚಾರಣೆಗೆ ಒಳಪಟ್ಟಿತು. ಅವರಲ್ಲಿ ಅನೇಕರು ನಲವತ್ತರೊಳಗಿನವರು. ೨೦೧೭ರ ಫೆಬ್ರವರಿಯಲ್ಲಿ ಈ ಸ್ತ್ರೀಯರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಇದು ನಮ್ಮ ಜಿಲ್ಲೆಯೊಂದರ ಮಾತಲ್ಲ. ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಶೇಕಡ ೩.೨ರಷ್ಟು ಮಂದಿಗೆ ಈ ಶಸ್ತ್ರಚಿಕಿತ್ಸೆಯಾಗಿತ್ತು. ಬಿಹಾರ, ಛತ್ತೀಸ್‌ಗಢ ಮತ್ತು ರಾಜಸ್ಥಾನಗಳ ಇಂಥ ಪ್ರಸಂಗಗಳ ಬಗೆಗೆ ೨೦೧೩ರಲ್ಲಿ ದಾಖಲಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ೨೦೨೩ರ ಏಪ್ರಿಲ್‌ನಲ್ಲಿ ತೀರ್ಪಿತ್ತು, ಅನಾವಶ್ಯಕ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಂಗೀಕರಿಸಬೇಕೆಂದು ಆದೇಶಿಸಿತು.

ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಋತುಬಂಧದ ಬಾಧೆಗಳು ಕ್ರಮಕ್ರಮವಾಗಿ ಬರದೆ ಒಮ್ಮೆಗೇ ಎರಗುತ್ತವೆ. ಅಂಡಾಶಯಗಳನ್ನು ಉಳಿಸಿದರೂ ಅವುಗಳ ಕಾರ್ಯ ಬೇಗ ಕುಂದುವ ಸಂಭವ ಹೆಚ್ಚು. ಮುಟ್ಟು ಬೇಗ ನಿಂತವರಲ್ಲಿ ಸಂಧಿವಾತದ ಸಂಭವವೂ ಅಧಿಕವೆಂದು ಹಲವು ಅಧ್ಯಯನಗಳು ಹೇಳುತ್ತವೆ. ಮೂವತ್ತೈದನೆಯ ವಯಸ್ಸಿನಲ್ಲಿಯೇ ಅಂಡಾಶಯಗಳನ್ನು ಕಳೆದುಕೊಂಡ ಸ್ತ್ರೀಯ ಪ್ರಶ್ನೆ ಅರುವತ್ತಮೂರರ ಅಮೆರಿಕದ ಸ್ತ್ರೀಯ ಪ್ರಶ್ನೆಯಲ್ಲ. ೨೦೦೨ರ ಎಚ್ಚರಿಕೆ ಆಕೆಯನ್ನು ಕುರಿತು ಹೇಳಿದ್ದೇ ಅಲ್ಲ. ಅಡ್ಡಿಗಳಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಆಕೆಗೆ ಹಾರ್ಮೋನನ್ನು ತುಂಬಿಕೊಡಬೇಕೆಂಬುದೇ ವೈದ್ಯಶಾಸ್ತ್ರದ ಸಲಹೆ. ಗರ್ಭಕೋಶವಿಲ್ಲದ ಕಾರಣ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬ ಕಾಗದ ಆಕೆಯ ಕೈಯಲ್ಲಿ ಇರತಕ್ಕದ್ದು. ಅದಿಲ್ಲದೆ ಮುಂದಿನ ಯಾವ ವೈದ್ಯರೂ ಸರಿಯಾದ ತೀರ್ಮಾನಕ್ಕೆ ಬರಲಾರರು. ದಾಖಲೆಯ ಬೆಲೆಯನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಸಂಗತಿ ಸ್ಟಿರಾಯ್ಡ್ ಮಾತ್ರೆಗಳ ಅಜ್ಞಾತ ಸೇವನೆ. ಭೀಮಾ ನದಿಯನ್ನು ದಾಟಿ ಕಲಬುರಗಿಯ ತಜ್ಞರನ್ನು ಕಾಣಲು ಜೇವರ್ಗಿಯಿಂದ ಸುಮಾರು ನಲವತ್ತು ಕಿಲೋಮೀಟರು ಹೋಗಬೇಕು; ತೊಗರಿಯ ರಾಶಿಯ ಕಾಲದಲ್ಲಿ ಒಂದು ದಿನದ ಕೂಲಿಯನ್ನು ಬಿಟ್ಟು ಹೋಗುವುದು ಕಷ್ಟ. ಹೆಸರು ತಿಳಿಯದ ನೋವಿನ ಮಾತ್ರೆಯ ಪೊಟ್ಟಣ ಸುಲಭವಾಗಿ ದೊರೆಯುತ್ತದೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಎರಡೇ ದಿನಗಳಲ್ಲಿ ನೋವು ಇಳಿಯುತ್ತದೆ. ೧೯೪೮ರ ಪವಾಡ ನಮ್ಮ ಅಡಿಗೆಮನೆಯಲ್ಲಿ ಮರುಕಳಿಸುತ್ತದೆ, ಅದರ ದಂಡವೂ ಹಿಂಬಾಲಿಸುತ್ತದೆ. ವಿಪರ್ಯಾಸವೇನೆಂದರೆ, 'ಹಾರ್ಮೋನು ಅಪಾಯ' ಎಂದು ಈಸ್ಟ್ರೊಜೆನ್ನನ್ನು ನಿರಾಕರಿಸುವ ಸ್ತ್ರೀ, ಹಾರ್ಮೋನೇ ಆದ ಸ್ಟಿರಾಯ್ಡನ್ನು ತಿಳಿಯದೆ ವರ್ಷಗಟ್ಟಲೆ ಸೇವಿಸುತ್ತಿರಬಹುದು. ದೀರ್ಘಕಾಲ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕರ. ವೈದ್ಯರ ಮೇಲ್ವಿಚಾರಣೆಯಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕಾಗುತ್ತದೆ.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಹೊರಡುವ ತಾತ್ಪರ್ಯ ಹೀಗಿದೆ. ಕಾರ್ಟಿಸೋನ್, ಈಸ್ಟ್ರೊಜೆನ್ ಎರಡೂ ಪವಾಡ, ಅತಿಬಳಕೆ, ಭೀತಿ, ಮಿತಿ ಎಂಬ ನಾಲ್ಕು ಘಟ್ಟಗಳನ್ನು ದಾಟಿ ಬಂದಿವೆ. ಮೊದಲ ಮೂರು ಘಟ್ಟಗಳು ನಮ್ಮ ಸೀಮೆಗೆ ತಾವಾಗಿಯೇ ಬಂದು ಮುಟ್ಟಿದವು. ನಾಲ್ಕನೆಯದನ್ನು, ಎಂದರೆ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ, ಎಷ್ಟು ಕಾಲ ಎಂದು ಕೇಳುವ ಮಿತಿಯ ತಿಳಿವಳಿಕೆಯನ್ನು, ನಾವೇ ತಂದುಕೊಳ್ಳಬೇಕಾಗಿದೆ. ಸಂಧಿವಾತವಿದೆಯೆಂಬ ಒಂದೇ ಕಾರಣದಿಂದ ಋತುಬಂಧದ ಬಾಧೆಯನ್ನು ಮೌನವಾಗಿ ಸಹಿಸಬೇಕಾಗಿಲ್ಲ. ಹಾಗೆಯೇ ಹಾರ್ಮೋನಿನಿಂದ ಸಂಧಿವಾತ ಗುಣವಾದೀತೆಂದು ನಂಬಿಕೊಂಡಿರುವುದೂ ಸಲ್ಲದು.

ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಾಯಿಯೋ ಅತ್ತೆಯೋ ನೆರೆಮನೆಯ ಅವ್ವನೋ ಬೆಳಗಿನಲ್ಲಿ ಕೈ ಮಡಿಸಲಾರದೆ ಕುಳಿತಾಗ, ಆಕೆ ನುಂಗುವ ಮಾತ್ರೆಯ ಹೆಸರನ್ನು ಓದಿ ಹೇಳುವುದು, ಹಳೆಯ ಆಸ್ಪತ್ರೆಯ ಕಾಗದಗಳನ್ನು ಜೋಡಿಸಿ ಇಡುವುದು, ತಜ್ಞ ವೈದ್ಯರಲ್ಲಿಗೆ ಜೊತೆಯಾಗಿ ಹೋಗಿ ಮುಟ್ಟು ಎಂದು ನಿಂತಿತು, ಹೇಗೆ ನಿಂತಿತು ಎಂಬುದನ್ನು ಸಂಕೋಚವಿಲ್ಲದೆ ತಿಳಿಸುವುದು—ಇಷ್ಟು ಸಾಕು. ಅಕ್ಷರ ಕಲಿತವರಿಂದ ಅಕ್ಷರ ಕಲಿಯದವರಿಗೆ ಸಲ್ಲಬೇಕಾದ ಋಣದಲ್ಲಿ ಇದೂ ಒಂದು ಅಂಶವೆಂದು ನಾವು ಭಾವಿಸುತ್ತೇವೆ.